ಅಮ್ಮನೂ ಹೋದರು. 15ರ ತಮ್ಮ ನನ್ನ ಜೊತೆ ಇರಬೇಕಾ, ಚಿಕ್ಕಪ್ಪನ ಮನೆಯಲ್ಲಾ?

ತೆಂಗಿನಗರಿ:

ನಮಸ್ಕಾರ. ಎರಡು ವರ್ಷದಿಂದ ಇಲ್ಲಿ ಸುಮ್ನೆ ಓದಿಕೊಂಡಿದ್ದೆ. ಇವತ್ತು ಕೇಳಲೇಬೇಕಾಗಿ ಬಂದಿದೆ.

ನನಗೆ 27. ಬೆಂಗಳೂರಿನಲ್ಲಿ ಕೆಲಸ. ಕೆಂಗೇರಿ ಹತ್ತಿರ ಇನ್ನಿಬ್ಬರು ಹುಡುಗಿಯರ ಜೊತೆ ಬಾಡಿಗೆ ಮನೆ. ಊರು ತಿಪಟೂರು ತಾಲ್ಲೂಕು. ಅಪ್ಪ ತುಮಕೂರಿನ ಒಂದು ಕಾರ್ಖಾನೆಯಲ್ಲಿದ್ದರು. ಮೂರು ವರ್ಷದ ಹಿಂದೆ ಎದೆನೋವು ಬಂದು ಹೋದರು. ಅಮ್ಮನಿಗೆ ಕ್ಯಾನ್ಸರ್ ಇತ್ತು. ಈ ಯುಗಾದಿ ಕಳೆದು ಎಂಟು ದಿನಕ್ಕೆ ಅವರೂ ಹೋದರು. ತಮ್ಮನಿಗೆ 15 ತುಂಬಿದೆ. ಜೂನ್‌ಗೆ ಹತ್ತನೇ ಕ್ಲಾಸು. ಪಕ್ಕದ ಊರಿನ ಹೈಸ್ಕೂಲು, ಕನ್ನಡ ಮೀಡಿಯಂ.

ಇರುವುದು ಒಂದು ಮನೆ, ಮೂರು ಎಕರೆ ತೋಟ, ಸುಮಾರು 120 ತೆಂಗಿನ ಮರ.

ತಿಥಿ ಊಟದ ಎಲೆ ಎತ್ತುವ ಮೊದಲೇ ಜಗಲಿ ಮೇಲೆ ಮಾತು ಶುರುವಾಯಿತು. ಚಿಕ್ಕಪ್ಪ, "ಹುಡುಗ ನಮ್ಮನೇಲಿರಲಿ, ತೋಟ ನಾನು ನೋಡ್ಕೋತೀನಿ, ನೀನು ಮದುವೆ ಮಾಡ್ಕೊ" ಅಂದರು. ಚಿತ್ರದುರ್ಗದ ಮಾವ, "ಯಾವುದಾದ್ರೂ ವಸತಿ ಶಾಲೆಗೆ ಹಾಕಿ" ಅಂದರು. ದೊಡ್ಡಮ್ಮ, "ಮದುವೆಯಾಗದ ಹೆಣ್ಣುಮಗಳು, ವಯಸ್ಸಿಗೆ ಬಂದ ಗಂಡು ಹುಡುಗನ್ನ ಹೆಂಗೆ ಹತೋಟೀಲಿ ಇಟ್ಕೋತೀಯ" ಅಂದರು. ಕಡೂರಿನ ಕಡೆಯಿಂದ ಒಂದು ಸಂಬಂಧ ಬಂದಿತ್ತು. ಅವರು ಫೋನ್ ಮಾಡಿ ಸಂತಾಪ ಹೇಳಿ, ಕೊನೆಗೆ ಮೆಲ್ಲಗೆ, "ಹುಡುಗನೂ ಜೊತೆಗೆ ಬರ್ತಾನಾ?" ಅಂತ ಕೇಳಿದರು.

ಆಸ್ಪತ್ರೆಯಲ್ಲಿ ಅಮ್ಮ ಕೊನೆಯ ವಾರ ಒಂದೇ ಮಾತು ಹೇಳುತ್ತಿದ್ದರು. "ಅವನನ್ನ ಬಿಡಬೇಡ ಕಣೆ." ನಾನು ಹೂಂ ಅಂದಿದ್ದೇನೆ.

ನನ್ನ ಕೈಗೆ ತಿಂಗಳಿಗೆ 34 ಸಾವಿರ ಬರುತ್ತೆ. ಸಾಕಬಲ್ಲೆನಾ? ಸಾಕಬೇಕಾ? ದಯವಿಟ್ಟು ನಿಜ ಹೇಳಿ.

ಕಡ್ಲೆಪುರಿ:

ನೀವೇ ಇಟ್ಟುಕೊಳ್ಳಿ. ಅಕ್ಕ ಇರುವಾಗ ಅವನು ತಬ್ಬಲಿ ಹೇಗಾಗುತ್ತಾನೆ? ಬಾಕಿದ್ದೆಲ್ಲ ಆಮೇಲೆ. ಕಣ್ಣಲ್ಲಿ ನೀರು ಬಂತು.

ದಾಳಿಂಬೆ ಹೊಸದುರ್ಗ:

ಎಲ್ಲರೂ ಅಳುವವರೇ ಆದರೆ ಲೆಕ್ಕ ಹಾಕುವವರು ಯಾರು? 34 ಸಾವಿರದಲ್ಲಿ ಬೆಂಗಳೂರಿನಲ್ಲಿ ಬೇರೆ ಮನೆ ಮಾಡಬೇಕು. ಇಬ್ಬರು ಹುಡುಗಿಯರಿರುವ ಮನೆಗೆ ಅವನನ್ನು ಕರೆದುಕೊಂಡು ಹೋಗೋಕೆ ಆಗಲ್ಲ. ಅಡ್ವಾನ್ಸ್ ಎಷ್ಟು, ಬಾಡಿಗೆ ಎಷ್ಟು, ಶಾಲೆ ಫೀಸು ಎಷ್ಟು ಬರೆದು ನೋಡಮ್ಮ. ನೀನು ಬೆಳಗ್ಗೆ ಎಂಟಕ್ಕೆ ಹೋಗಿ ರಾತ್ರಿ ಎಂಟಕ್ಕೆ ಬರುತ್ತೀಯ. ಅಷ್ಟು ಹೊತ್ತು ಗುರುತಿಲ್ಲದ ಊರಲ್ಲಿ ಹುಡುಗ ಏನು ಮಾಡುತ್ತಾನೆ? ಮೊಬೈಲು.

ಊರಲ್ಲಿ ಚಿಕ್ಕಪ್ಪ ಇದ್ದಾರೆ, ಸ್ನೇಹಿತರಿದ್ದಾರೆ, ಕಬಡ್ಡಿ ಇದೆ, ಹೊಟ್ಟೆ ತುಂಬ ಮುದ್ದೆ ಇದೆ. ಎಲ್ಲ ಚಿಕ್ಕಪ್ಪಂದಿರೂ ಕೆಟ್ಟವರಲ್ಲ. ನಾನೂ ಒಬ್ಬ ಚಿಕ್ಕಪ್ಪ. ಅಣ್ಣನ ಮಗನನ್ನು ಏಳು ವರ್ಷ ಸಾಕಿದ್ದೇನೆ.

ಸಂಪಿಗೆ ರಸ್ತೆ:

@ದಾಳಿಂಬೆ ಹೊಸದುರ್ಗ, "ತೋಟ ನಾನು ನೋಡ್ಕೋತೀನಿ" ಅನ್ನೋ ಮಾತು ನಿಮ್ಮ ಕಿವಿಗೆ ಬೀಳಲೇ ಇಲ್ವಾ? ನಮ್ಮ ಕಡೆ ಹುಡುಗ ಎಲ್ಲಿಗೆ ಹೋಗುತ್ತಾನೋ ಪಹಣಿಯೂ ಅಲ್ಲಿಗೇ ಹೋಗುತ್ತೆ.

ದಾಳಿಂಬೆ ಹೊಸದುರ್ಗ:

ಬಿತ್ತು. ತೋಟಕ್ಕೆ ನೀರು ಬಿಡುವವರು ಯಾರು ಅನ್ನೋದೂ ಬಿತ್ತು. ಎರಡು ಬೇಸಿಗೆ ನೀರಿಲ್ಲದಿದ್ದರೆ ತೆಂಗು ಸುಳಿ ಬಾಗುತ್ತೆ. ಯಾರಾದರೂ ನೋಡಿಕೊಳ್ಳಲೇಬೇಕಲ್ವಾ?

ಎರಡನೇ ಬೆಂಚು:

ನಾನು ಆ ತಮ್ಮನ ಜಾಗದಲ್ಲಿದ್ದವನು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ನನಗೆ 13, ಅಕ್ಕನಿಗೆ 24. ಎರಡೇ ವರ್ಷದಲ್ಲಿ ಅಪ್ಪ, ಅಮ್ಮ ಇಬ್ಬರೂ ಹೋದರು. ಅಕ್ಕ ಪ್ರೈಮರಿ ಶಾಲೆಯ ಟೀಚರ್. ನನ್ನನ್ನು ಓದಿಸಿದಳು, ಡಿಪ್ಲೊಮಾ ಮಾಡಿಸಿದಳು. ಒಳ್ಳೆಯವಳು. ನನ್ನ ಮೇಲೆ ಕೈ ಎತ್ತಿದ್ದಿಲ್ಲ. ಅವಳಿಗೆ ಬಂದ ಮೂರು ಸಂಬಂಧ ನನ್ನಿಂದ ತಪ್ಪಿದವು ಅಂತ ಊರೆಲ್ಲ ಹೇಳುತ್ತಿತ್ತು. ಅವಳು ಮಾತ್ರ ಹೇಳಲಿಲ್ಲ.

ನನಗೆ 19 ಇದ್ದಾಗ ಒಂದು ಪೇಪರ್ ಫೇಲಾಯಿತು. ಅವತ್ತು ರಾತ್ರಿ ತಟ್ಟೆ ಇಡುತ್ತಾ, "ನಿನಗೋಸ್ಕರ ನಾನು..." ಅಂದಳು. ಅಷ್ಟಕ್ಕೇ ನಿಲ್ಲಿಸಿದಳು. ಒಂದೇ ಸಲ. ಅದಾಗಿ 17 ವರ್ಷ ಆಯಿತು. ಈಗಲೂ ಅವಳ ಮನೆಗೆ ಹೋದರೆ ನಾನು ಆರಾಮಾಗಿ ಕೂರುವುದಿಲ್ಲ. ಸಾಲಗಾರನ ಥರ ಬಾಗಿಲ ಹತ್ತಿರ ಕೂರುತ್ತೇನೆ. ಅಕ್ಕ ಮದುವೆಯಾಗಲಿಲ್ಲ. ನಾನು ಆದೆ.

ಸಾಕಬೇಡಿ ಅಂತ ಹೇಳುತ್ತಿಲ್ಲ. ಕಡೂರಿನವರು ಹೋದರೆ ಹೋಗಲಿ, ಆದರೆ ಮದುವೆಯ ಯೋಚನೆಯನ್ನೇ ಮಡಚಿ ಅಟ್ಟಕ್ಕೆ ಹಾಕಬೇಡಿ. ಆ ಭಾರ ನಿಮ್ಮ ತಲೆ ಮೇಲೆ ಇರಲ್ಲ, ಅವನ ತಲೆ ಮೇಲೆ ಇರುತ್ತೆ. ಅವನು ಕೇಳಿ ಪಡೆದ ಸಾಲವೂ ಅಲ್ಲ ಅದು.

ಗಂಗೋತ್ರಿ:

ಭೀಷ್ಮ ಕೂಡ ತಮ್ಮಂದಿರನ್ನು ಸಾಕೋಕೆ ಹೋಗಿ ಮದುವೆ ಬಿಟ್ಟ. ಆಮೇಲೆ ಆದದ್ದು ಎಲ್ಲರಿಗೂ ಗೊತ್ತು.

ಹಳೇ ಪುಟ:

ಕಥೆ ಉಲ್ಟಾ ಹೇಳಬೇಡಿ ಸ್ವಾಮಿ. ಶಪಥ ಮಾಡಿದಾಗ ತಮ್ಮಂದಿರು ಹುಟ್ಟೇ ಇರಲಿಲ್ಲ. ಶಂತನು ಹೋದ ಮೇಲೆ ಚಿತ್ರಾಂಗದ, ವಿಚಿತ್ರವೀರ್ಯರನ್ನು ನೋಡಿಕೊಂಡ, ನಿಜ. ಆದರೆ ತಾಯಿ ಸತ್ಯವತಿ ಮನೆಯಲ್ಲೇ ಇದ್ದಳು. ಇಲ್ಲಿ ಆ ಹುಡುಗಿಗೆ ಆ ಅನುಕೂಲವೂ ಇಲ್ಲ.

ಹೆಸರು ಬೇಡ:

ಎಲ್ಲರೂ ಅಕ್ಕನ ಬಗ್ಗೆ, ತಮ್ಮನ ಬಗ್ಗೆ ಬರೆಯುತ್ತಿದ್ದೀರಿ. ಮೂರನೆಯವಳ ಬಗ್ಗೆ ನಾನು ಬರೆಯುತ್ತೇನೆ, ಯಾಕೆಂದರೆ ಆ ಮೂರನೆಯವಳು ನಾನೇ.

ನಾನು ಮದುವೆಯಾಗಿ ಬಂದಾಗ ನನಗೆ 23. ಮನೆಯಲ್ಲಿ ಗಂಡ, ಮತ್ತು 14 ವರ್ಷದ ಮೈದುನ. ಅತ್ತೆ ಮಾವ ಇಬ್ಬರೂ ಇಲ್ಲ. ಹೆಣ್ಣು ನೋಡೋಕೆ ಬಂದಾಗ, "ತಮ್ಮ ಒಬ್ಬ ಇದಾನೆ, ಓದ್ತಾ ಇದಾನೆ" ಅಂದಿದ್ದರು. ಅಷ್ಟೇ. "ಅತ್ತಿಗೆ ಅಂದ್ರೆ ತಾಯಿ ಸಮಾನ" ಅಂತ ಮದುವೆ ಮನೆಯಲ್ಲಿ ಎಷ್ಟು ಜನ ಹೇಳಿದರೋ ಲೆಕ್ಕವಿಲ್ಲ. ನನ್ನ ಒಪ್ಪಿಗೆಯನ್ನು ಮಾತ್ರ ಒಬ್ಬರೂ ಕೇಳಲಿಲ್ಲ. ಒಂಬತ್ತು ವರ್ಷ ಚಿಕ್ಕವನಿಗೆ ನಾನು ಯಾವ ಲೆಕ್ಕದಲ್ಲಿ ತಾಯಿ?

ಮೊದಲ ವರ್ಷ ಅವನು ನನ್ನ ಹತ್ತಿರ ಮಾತೇ ಆಡಲಿಲ್ಲ. ನಾನು ಮಾಡಿದ ಸಾರಿಗೆ, "ಅಮ್ಮ ಹಿಂಗೆ ಮಾಡ್ತಿರಲಿಲ್ಲ" ಅನ್ನುತ್ತಿದ್ದ. ಗಂಡ ಸುಮ್ಮನಿರುತ್ತಿದ್ದರು. ನನಗೆ ಅತ್ತು ಸಾಕಾಗಿತ್ತು. ಆಮೇಲೆ ಒಂದು ದಿನ ನಾನೇ ಅವನಿಗೆ ಹೇಳಿದೆ. "ನೋಡಪ್ಪ, ನಾನು ನಿಮ್ಮಮ್ಮ ಅಲ್ಲ. ಆಗೋದೂ ಇಲ್ಲ. ಆ ಸಾರು ಹೆಂಗಿರ್ತಿತ್ತು ಅಂತ ಹೇಳು, ಇಬ್ಬರೂ ಸೇರಿ ಮಾಡೋಣ." ಅವನಿಗೂ ಸರಿಯಾಗಿ ಗೊತ್ತಿರಲಿಲ್ಲ. ಹುರಿಗಡಲೆ ಹಾಕೋದು ಅಂತ ಹತ್ತು ಸಲ ಮಾಡಿದ ಮೇಲೆ ಗೊತ್ತಾಯಿತು. ಈಗ ಅವನು ಹುಬ್ಬಳ್ಳಿಯಲ್ಲಿದ್ದಾನೆ. ವಾರಕ್ಕೊಂದು ಸಲ ಫೋನ್ ಮಾಡುತ್ತಾನೆ, ಅಣ್ಣನಿಗಲ್ಲ, ನನಗೆ.

ತೆಂಗಿನಗರಿ ಅವರೇ, ಕಡೂರಿನವರು ಕೇಳಿದ್ದರಲ್ಲಿ ನನಗೆ ತಪ್ಪು ಕಾಣಲಿಲ್ಲ. ಕೇಳದೆ ಮದುವೆಯಾಗಿ ಆಮೇಲೆ ಮುಖ ಗಂಟಿಕ್ಕುವವರಿಗಿಂತ ವಾಸಿ. "ಹೌದು, ಬರ್ತಾನೆ" ಅಂತ ಹೇಳಿ ನೋಡಿ. ಅವರು ಫೋನ್ ಇಟ್ಟರೆ ಇಟ್ಟರು.

ಮಂಡಕ್ಕಿ ಮಹಾರಾಜ:

ಇಷ್ಟೆಲ್ಲ ಯಾಕೆ? ಅಕ್ಕ ತಮ್ಮನನ್ನ ಕಾನೂನು ಪ್ರಕಾರ ದತ್ತು ತಗೊಂಡುಬಿಡಲಿ. ಚಿಕ್ಕಪ್ಪ ಬಾಯಿ ಮುಚ್ಚಿಕೊಳ್ಳುತ್ತಾರೆ.

ಕರಿ ಕೋಟು:

@ಮಂಡಕ್ಕಿ ಮಹಾರಾಜ, ಆಗಲ್ಲ. 1956ರ ಹಿಂದೂ ದತ್ತಕ ಕಾಯ್ದೆ ಪ್ರಕಾರ ಹೆಂಗಸು ಗಂಡು ಮಗುವನ್ನು ದತ್ತು ತೆಗೆದುಕೊಳ್ಳಬೇಕಾದರೆ ಇಬ್ಬರ ನಡುವೆ ಕನಿಷ್ಠ 21 ವರ್ಷ ಅಂತರ ಇರಬೇಕು. ಇಲ್ಲಿ 12. ಅದೂ ಅಲ್ಲದೆ, ಅಂಥ ಸಂಪ್ರದಾಯ ಇಲ್ಲದ ಕಡೆ 15 ತುಂಬಿದವರನ್ನು ದತ್ತು ಕೊಡುವಂತಿಲ್ಲ. ಅಕ್ಕ ಅಮ್ಮನಾಗೋಕೆ ಕಾನೂನೂ ಬಿಡಲ್ಲ, ಬಿಡಿ.

ಇವರಿಗೆ ಬೇಕಾಗಿರುವುದು ಪಾಲಕತ್ವ, ಅಂದರೆ ಗಾರ್ಡಿಯನ್‌ಶಿಪ್. ಒಂದು ವಿಷಯ ಎಲ್ಲರೂ ತಪ್ಪು ತಿಳಿದುಕೊಂಡಿರುತ್ತಾರೆ. ಅಪ್ಪ ಅಮ್ಮ ಹೋದ ಕೂಡಲೇ ಅಕ್ಕನೋ ಚಿಕ್ಕಪ್ಪನೋ ತಾನಾಗೇ ಕಾನೂನಿನ ಪಾಲಕರಾಗಲ್ಲ. ಸಹಜ ಪಾಲಕರು ಅಂದರೆ ತಂದೆ, ಆಮೇಲೆ ತಾಯಿ. ಅಲ್ಲಿಗೆ ಮುಗಿಯಿತು. ಅವರು ವಿಲ್‌ನಲ್ಲಿ ಯಾರನ್ನಾದರೂ ಹೆಸರಿಸಿದ್ದರೆ ಅವರು. ಇಲ್ಲದಿದ್ದರೆ 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆ ಅಡಿಯಲ್ಲಿ ಕೋರ್ಟೇ ನೇಮಿಸಬೇಕು. ಹುಡುಗ ಎಲ್ಲಿ ವಾಸವಾಗಿದ್ದಾನೋ ಆ ಜಾಗದ ಕೋರ್ಟಿಗೆ ಅರ್ಜಿ. ಹಾಗಾಗಿ ಅವನನ್ನು ಎಲ್ಲಿಡುತ್ತೀರಿ ಅಂತ ಮೊದಲು ತೀರ್ಮಾನಿಸಿ, ಆಮೇಲೆ ಅರ್ಜಿ ಹಾಕಿ.

ಕೋರ್ಟು ನೋಡುವುದು ಮಗುವಿನ ಹಿತ. ಹತ್ತಿರದ ಸಂಬಂಧ ಯಾರದು, ಅವರ ನಡತೆ ಏನು, ಶಕ್ತಿ ಎಷ್ಟು, ತೀರಿಕೊಂಡ ತಂದೆತಾಯಿ ಏನು ಬಯಸಿದ್ದರು, ಅರ್ಜಿದಾರರಿಗೂ ಹುಡುಗನ ಆಸ್ತಿಗೂ ಮೊದಲಿಂದ ಏನು ನಂಟು, ಇದೆಲ್ಲ ಲೆಕ್ಕಕ್ಕೆ ಬರುತ್ತೆ. ತಿಳಿವಳಿಕೆ ಇರುವ ವಯಸ್ಸಾದರೆ ಹುಡುಗನ ಇಷ್ಟವನ್ನೂ ಕೇಳಬಹುದು. ಹದಿನೈದರವನನ್ನು ಸಾಮಾನ್ಯವಾಗಿ ಕೇಳುತ್ತಾರೆ.

ಇನ್ನು ತೋಟ. ಹುಡುಗನನ್ನು ಸಾಕುವುದು ಬೇರೆ, ಅವನ ಆಸ್ತಿ ನೋಡಿಕೊಳ್ಳುವುದು ಬೇರೆ. ಎರಡನ್ನೂ ಒಂದೇ ಗಂಟು ಕಟ್ಟುವುದರಿಂದಲೇ ಮುಕ್ಕಾಲು ಜಗಳ. ಕೋರ್ಟು ನೇಮಿಸಿದ ಪಾಲಕರು ಕೂಡ ಅನುಮತಿ ಇಲ್ಲದೆ ಅವನ ಭಾಗವನ್ನು ಮಾರುವಂತಿಲ್ಲ, ಅಡ ಇಡುವಂತಿಲ್ಲ, 5 ವರ್ಷಕ್ಕಿಂತ ಜಾಸ್ತಿ ಗುತ್ತಿಗೆ ಕೊಡುವಂತಿಲ್ಲ. ಸುಮ್ನೆ ಸಾಕಿಕೊಂಡಿರುವ ಚಿಕ್ಕಪ್ಪನಿಗಂತೂ ಮಾರುವ ಹಕ್ಕು ಒಂದಿಷ್ಟೂ ಇಲ್ಲ. ಪಾಲಕರು ಅನುಮತಿ ಇಲ್ಲದೆ ಮಾರಿದ್ದರೆ 18 ತುಂಬಿದ ಮೇಲೆ 3 ವರ್ಷದೊಳಗೆ ಹುಡುಗ ದಾವೆ ಹಾಕಿ ರದ್ದು ಮಾಡಿಸಬಹುದು.

ಒಂದು ಪ್ರಶ್ನೆ: ಅಪ್ಪ, ಚಿಕ್ಕಪ್ಪನ ನಡುವೆ ಆಸ್ತಿ ವಿಭಾಗ ಆಗಿದೆಯಾ? ಆಗಿಲ್ಲದಿದ್ದರೆ ಲೆಕ್ಕವೇ ಬೇರೆ.

ತೆಂಗಿನಗರಿ:

ಆಗಿದೆ ಸರ್. ತಾತ ಇದ್ದಾಗಲೇ ರಿಜಿಸ್ಟರ್ ಆಗಿದೆ. ಪಹಣಿ ಅಮ್ಮನ ಹೆಸರಲ್ಲಿದೆ.

ಕರಿ ಕೋಟು:

ಹಾಗಾದರೆ ಸುಲಭ. ಈಗ ನೀವಿಬ್ಬರೇ ವಾರಸುದಾರರು, ಇಬ್ಬರಿಗೂ ಸಮಪಾಲು. ವಂಶವೃಕ್ಷ ಮಾಡಿಸಿ, ಪೌತಿ ಖಾತೆಗೆ, ಅಂದರೆ ತೀರಿಕೊಂಡವರಿಂದ ವಾರಸುದಾರರ ಹೆಸರಿಗೆ ಬದಲಾಗುವ ಖಾತೆಗೆ, ಇಬ್ಬರ ಹೆಸರೂ ಹಾಕಿಸಿ. ಇದನ್ನು ಮುಂದೂಡಬೇಡಿ.

ಒಂದು ಕಹಿ ಮಾತು. ಸಮಪಾಲು ಅಂದರೆ ಆ ತೋಟದಲ್ಲಿ ನಿಮಗೂ ಆಸೆ ಇರಬಹುದು ಅಂತ ನಾಳೆ ಯಾರಾದರೂ ಹೇಳಬಹುದು. ಚಿಕ್ಕಪ್ಪನ ಮೇಲೆ ಬರುವ ಅನುಮಾನ ನಿಮ್ಮ ಮೇಲೂ ಬರುತ್ತೆ. ಕಾಯಿ ಕಿತ್ತ ದಿನ, ಎಣಿಕೆ, ಮಾರಿದ ರೇಟು, ಕೂಲಿ, ಗೊಬ್ಬರ ಎಲ್ಲ ಒಂದು ನೋಟ್‌ಬುಕ್‌ನಲ್ಲಿ ಬರೆದಿಡಿ. ಅವನ ಪಾಲಿನ ದುಡ್ಡು ಅವನ ಅಕೌಂಟಿಗೆ.

ಪಿಂಚಣಿ ಮೇಜು:

ಅಪ್ಪ ಕಾರ್ಖಾನೆಯಲ್ಲಿದ್ದರು ಅಂದಿರಿ. ಪಿಎಫ್ ಇತ್ತು ತಾನೆ? ಅಮ್ಮನಿಗೆ ವಿಧವಾ ಪಿಂಚಣಿ ಬರುತ್ತಿತ್ತಾ? ಬರುತ್ತಿದ್ದರೆ ಕೇಳಿ. 1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಅಮ್ಮ ಹೋದ ಮೇಲೆ ಹುಡುಗನಿಗೆ ಅನಾಥ ಪಿಂಚಣಿ ಬರುತ್ತೆ. ವಿಧವಾ ಪಿಂಚಣಿಯ 75%, ತಿಂಗಳಿಗೆ ಕನಿಷ್ಠ 750 ರೂಪಾಯಿ, 25 ವರ್ಷ ತುಂಬುವವರೆಗೆ. ಫಾರಂ 10ಡಿ. ದೊಡ್ಡ ಮೊತ್ತ ಅಲ್ಲ, ಆದರೆ ಅವನ ಹಕ್ಕು. ಎಷ್ಟೋ ಮನೆಗಳಲ್ಲಿ ಇದು ಗೊತ್ತಿಲ್ಲದೆ ಹಾಗೇ ಬಿಟ್ಟಿರುತ್ತಾರೆ.

ಮಿಷನ್ ವಾತ್ಸಲ್ಯ ಅಂತ ಕೇಂದ್ರ ಸರ್ಕಾರದ ಮಕ್ಕಳ ಯೋಜನೆಯಲ್ಲಿ ತಿಂಗಳಿಗೆ 4,000 ಪ್ರಾಯೋಜಕತ್ವದ ಸಹಾಯಧನವೂ ಇದೆ. ಆದರೆ ಕುಟುಂಬದ ವರ್ಷದ ಆದಾಯ ಹಳ್ಳಿಯಲ್ಲಿ 72,000, ಪಟ್ಟಣದಲ್ಲಿ 96,000 ದಾಟಬಾರದು. ನಿಮ್ಮ ಸಂಬಳ ಲೆಕ್ಕಕ್ಕೆ ತಗೊಂಡರೆ ಸಿಗಲ್ಲ. ಹುಡುಗ ಊರಲ್ಲಿ ಬೇರೆಯವರ ಹತ್ತಿರ ಇದ್ದರೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕದಲ್ಲಿ ವಿಚಾರಿಸಿ.

ಅಣ್ಣನ ಬೈಕು:

ನನಗೆ 19. ಕೋವಿಡ್ ಎರಡನೇ ಅಲೆಯಲ್ಲಿ, 2021ರ ಮೇನಲ್ಲಿ, ಅಪ್ಪ ಅಮ್ಮ ಇಬ್ಬರೂ ಹತ್ತು ದಿನದ ಅಂತರದಲ್ಲಿ ಹೋದರು. ಅಣ್ಣನಿಗೆ ಆಗ 22. ಕೋವಿಡ್‌ನಲ್ಲಿ ಅನಾಥರಾದ ಮಕ್ಕಳಿಗೆ ಅಂತ ರಾಜ್ಯ ಸರ್ಕಾರ ಮಾಡಿದ ಬಾಲಸೇವಾ ಯೋಜನೆಯಲ್ಲಿ ತಿಂಗಳಿಗೆ 3,500 ಬರುತ್ತಿತ್ತು. ಅಣ್ಣ ಅದನ್ನು ಮುಟ್ಟುತ್ತಿರಲಿಲ್ಲ, ನನ್ನ ಹೆಸರಲ್ಲಿ ಆರ್‌ಡಿ ಕಟ್ಟುತ್ತಿದ್ದ.

ಅಣ್ಣನ ಜೊತೆ ಇದ್ದದ್ದು ಒಳ್ಳೆಯದಾಯಿತಾ ಅಂದರೆ, ಆಯಿತು. ಆದರೆ ಮಧ್ಯೆ ಒಂದು ವರ್ಷ ನರಕ. ಅಣ್ಣನಿಗೆ ಇದ್ದಕ್ಕಿದ್ದಂತೆ ಅಪ್ಪ ಆಗೋ ಹುಚ್ಚು ಹಿಡಿಯಿತು. ಏಳಕ್ಕೆ ಮನೆಗೆ ಬಾ, ಕೂದಲು ಸಣ್ಣಗೆ ಕಟ್ ಮಾಡಿಸು, ಫೋನ್ ಕೊಡು. ನಿಜ ಹೇಳ್ತೀನಿ, ಅದೇ ಅಣ್ಣ ಎರಡು ವರ್ಷದ ಹಿಂದೆ ನನಗೆ ಲೈಸೆನ್ಸ್ ಇಲ್ಲದೆ ಬೈಕ್ ಕಲಿಸಿದವನು! ನಾನು ಒಂದು ದಿನ, "ನೀನು ಅಪ್ಪ ಅಲ್ಲ" ಅಂದೆ. ಅವನು, "ಗೊತ್ತು, ಆದ್ರೆ ಬೇರೆ ಯಾರಿದಾರೆ ಹೇಳು" ಅಂತ ಅತ್ತುಬಿಟ್ಟ. ಅವನು ಅತ್ತಿದ್ದನ್ನ ಅವತ್ತೇ ಮೊದಲು ನೋಡಿದ್ದು. ಅಪ್ಪ ಅಮ್ಮ ಹೋದಾಗಲೂ ಅತ್ತಿರಲಿಲ್ಲ, ಫಾರಂ ತುಂಬೋದರಲ್ಲೇ ಇದ್ದ.

ಅಕ್ಕಾ, ನೀವೂ ಅಳಿ. ಅವನ ಎದುರಿಗೇ. ಗಟ್ಟಿಗಿತ್ತಿ ಥರ ನಟಿಸಿದರೆ, ಇವಳಿಗೆ ಅಮ್ಮ ನೆನಪೇ ಆಗ್ತಿಲ್ವೇನೋ ಅಂತ ಅವನಿಗೆ ಅನ್ನಿಸುತ್ತೆ. ನನಗೆ ಅನ್ನಿಸಿತ್ತು.

ಸೀಮೆಸುಣ್ಣ:

22 ವರ್ಷದಿಂದ ಹೈಸ್ಕೂಲು ಮೇಷ್ಟ್ರು. ತೆಂಗಿನಗರಿಯವರು ಮೊದಲು ಬರೆದದ್ದನ್ನು ಎರಡು ಸಲ ಓದಿದೆ. ಚಿಕ್ಕಪ್ಪ ಏನಂದರು ಗೊತ್ತಾಯಿತು. ಮಾವ, ದೊಡ್ಡಮ್ಮ ಏನಂದರು ಗೊತ್ತಾಯಿತು. ಕಡೂರಿನವರು ಫೋನ್‌ನಲ್ಲಿ ಕೇಳಿದ್ದೂ ಗೊತ್ತಾಯಿತು. ಹುಡುಗ ಏನಂದ?

ಒಂದು ಸಾಲೂ ಇಲ್ಲ. ನೀವು ಅವನನ್ನು ಕೇಳಿಲ್ಲ ಅಂತ ನನ್ನ ಅನುಮಾನ. ಬೈಯುತ್ತಿಲ್ಲ ತಾಯಿ. ಸಾವಿನ ಮನೆಯಲ್ಲಿ ಹೀಗೇ ಆಗುತ್ತೆ. ಈ ವಯಸ್ಸಿನವರನ್ನು ಕೆಲಸಕ್ಕೆ ದೊಡ್ಡವರು ಅಂತಾರೆ, ಮಾತಿಗೆ ಚಿಕ್ಕವರು ಅಂತಾರೆ. ತಾಯಿಗೆ ಕೊಳ್ಳಿ ಇಟ್ಟವನು ಅವನೇ ತಾನೆ?

ಕೇಳುವ ರೀತಿಯೂ ಮುಖ್ಯ. "ನನ್ನ ಜೊತೆ ಬರ್ತೀಯಾ?" ಅಂದರೆ ನಿಮ್ಮ ಮುಖ ನೋಡಿ ಹೂಂ ಅಂತಾನೆ. ಚಿಕ್ಕಪ್ಪ ಕೇಳಿದರೂ ಹೂಂ ಅಂತಾನೆ. "ಜೂನ್ ಒಂದನೇ ತಾರೀಖು ಬೆಳಗ್ಗೆ ಎಲ್ಲಿ ಏಳಬೇಕು ಅನ್ನಿಸುತ್ತೆ?" ಅಂತ ಕೇಳಿ. ಕೇಳಿ ಸುಮ್ಮನಿರಿ. ಎರಡು ದಿನ ಬೇಕಾದರೂ ತಗೊಳ್ಳಲಿ.

ಇನ್ನೊಂದು ಕೆಲಸದ ಮಾತು. ಹತ್ತನೇ ಕ್ಲಾಸಿಗೆ ಶಾಲೆ ಬದಲಾಯಿಸಬೇಡಿ. ಕನ್ನಡ ಮೀಡಿಯಂ ಹುಡುಗನನ್ನು ಬೆಂಗಳೂರಿನ ಯಾವುದೋ ಇಂಗ್ಲಿಷ್ ಶಾಲೆಗೆ ಹಾಕಿದರೆ ಅಮ್ಮನ ದುಃಖದ ಮೇಲೆ ಅದೊಂದು. ಅಲ್ಲದೆ, ಒಂದರಿಂದ ಹತ್ತರವರೆಗೆ ಪೂರ್ತಿ 10 ವರ್ಷ ಗ್ರಾಮೀಣ ಶಾಲೆಯಲ್ಲಿ ಓದಿದ್ದರೆ ಸಿಇಟಿ ಸೀಟು ಹಂಚುವಾಗ 15% ಗ್ರಾಮೀಣ ಕೋಟಾ ಇದೆ. ಹತ್ತೂ ವರ್ಷ ಕನ್ನಡ ಮೀಡಿಯಂ ಆದರೆ 5%. ಒಂಬತ್ತು ವರ್ಷ ಓದಿ ಕೊನೇ ವರ್ಷ ಬೆಂಗಳೂರಿನ ಇಂಗ್ಲಿಷ್ ಶಾಲೆಗೆ ಹೋದರೆ ಎರಡೂ ಕೈ ಬಿಡುತ್ತೆ. ಒಂದು ವರ್ಷದ ಅವಸರಕ್ಕೆ ಇಷ್ಟು ಕಳೆದುಕೊಂಡವರನ್ನು ನೋಡಿದ್ದೇನೆ.

ಮಾವ ಹೇಳಿದ ವಸತಿ ಶಾಲೆ ಈಗ ತಡ. ಮೊರಾರ್ಜಿ ದೇಸಾಯಿ ಥರದ ಶಾಲೆಗಳಿಗೆ ಆರನೇ ಕ್ಲಾಸಿಗೇ ಪರೀಕ್ಷೆ ಬರೆದು ಸೇರಬೇಕು.

ಗಂಗಾತೀರ:

ಹಾಸ್ಟೆಲ್ ಅಂದರೆ ಎಲ್ಲರೂ ಅನಾಥಾಲಯದ ಥರ ನೋಡುತ್ತೀರಲ್ಲ. ನಾನು ಸಿದ್ಧಗಂಗಾ ಮಠದಲ್ಲಿ ಬೆಳೆದವನು. ಅಪ್ಪ ಅಮ್ಮ ಇಲ್ಲ. ಅಣ್ಣ ಲಾರಿ ಕ್ಲೀನರ್. ಅವನಿಗೆ ನಿಲ್ಲೋಕೆ ನೆಲೆಯಿಲ್ಲ, ನನ್ನನ್ನು ಎಲ್ಲಿ ಇಟ್ಟುಕೊಳ್ಳುತ್ತಾನೆ? ಮಠದಲ್ಲಿ ಬಿಟ್ಟ. ಸಾವಿರಾರು ಹುಡುಗರ ಜೊತೆ ಸಾಲಲ್ಲಿ ಕೂತು ಮುದ್ದೆ ಉಂಡೆ, ಬೆಳಗಿನ ಜಾವ ಪ್ರಾರ್ಥನೆಗೆ ಎದ್ದೆ. ಶಿವರಾತ್ರಿ ಜಾತ್ರೆಗೆ ಅಣ್ಣ ತಪ್ಪದೆ ಬರುತ್ತಿದ್ದ. ಬತ್ತಾಸು ತರುತ್ತಿದ್ದ. ಜಾತ್ರೆ ದನಗಳ ಮಧ್ಯೆ ಇಬ್ಬರೂ ಇಡೀ ದಿನ ತಿರುಗುತ್ತಿದ್ದೆವು. ನನ್ನನ್ನು ಸಾಕಿದ್ದು ಅಣ್ಣನಾ, ಮಠವಾ? ನನಗಂತೂ ಇಬ್ಬರೂ.

ಅಮ್ಮ "ಬಿಡಬೇಡ" ಅಂದರು ಅಂತ ಬರೆದಿದ್ದೀರಿ. ಬಿಡಬೇಡ ಅಂದರೆ ಒಂದೇ ಸೂರಿನಡಿ ಇಟ್ಟುಕೋ ಅಂತಲೇ ಅರ್ಥವಾ?

ಲೀಡ್ಸ್ ಮಳೆ:

ಇಂಗ್ಲೆಂಡಿನಲ್ಲಿ ಸಮಾಜ ಸೇವಾ ಇಲಾಖೆಯಲ್ಲಿದ್ದೇನೆ, ಮೂಲ ಅರಸೀಕೆರೆ. ಇಲ್ಲಿ ಅಣ್ಣ, ಅಕ್ಕ, ಅಜ್ಜಿ ಸಾಕುವುದಕ್ಕೆ 2005ರ ಕೊನೆಯಿಂದ ಸ್ಪೆಷಲ್ ಗಾರ್ಡಿಯನ್‌ಶಿಪ್ ಅಂತ ಬೇರೆಯೇ ಒಂದು ಆದೇಶ ಇದೆ. ದತ್ತು ಅಲ್ಲ, ಹುಟ್ಟಿನ ಸಂಬಂಧ ಹಾಗೇ ಇರುತ್ತೆ. ಅಕ್ಕ ಕಾಗದದ ಮೇಲೂ ಅಕ್ಕನೇ. ಕೋರ್ಟು ಆದೇಶ ಕೊಡುವ ಮೊದಲು ಸ್ಥಳೀಯ ಆಡಳಿತದ ವರದಿ ಬೇಕು. ಮನೆಗೆ ಹೋಗಿ, ಅಕ್ಕನಿಗೆ ಸಹಾಯಕ್ಕೆ ಯಾರಿದ್ದಾರೆ ಅಂತ ನಾವು ಮೊದಲು ಕೇಳುತ್ತೇವೆ. ನಿಮ್ಮ ಜಗಲಿ ಪಂಚಾಯಿತಿಯಲ್ಲಿ ಆ ಪ್ರಶ್ನೆ ಬಂದ ಹಾಗೆ ಕಾಣಲಿಲ್ಲ. ಹುಡುಗನನ್ನು ಯಾರು ನೋಡಿಕೊಳ್ಳುತ್ತಾರೆ ಅಂತ ಕೇಳಿದರು. ನಿಮ್ಮನ್ನು?

ತೆಂಗಿನಗರಿ:

ಎಲ್ಲರದ್ದೂ ಓದಿದೆ. @ಸೀಮೆಸುಣ್ಣ ಸರ್, ನಿಜ. ನಾನು ಕೇಳಿರಲಿಲ್ಲ. ಓದಿ ನಾಚಿಕೆಯಾಯಿತು. ಶುಕ್ರವಾರ ರಾತ್ರಿ ರೈಲಿಗೆ ಊರಿಗೆ ಬಂದೆ. ಶನಿವಾರ ನೀವು ಹೇಳಿದ ಹಾಗೇ ಕೇಳಿದೆ.

ತುಂಬ ಹೊತ್ತು ಏನೂ ಹೇಳಲಿಲ್ಲ. ಭಾನುವಾರ ನಾನು ಹೊರಡುವ ಹೊತ್ತಿಗೆ ಹೇಳಿದ. "ನಮ್ಮನೇಲಿ."

ನನಗೆ ಅರ್ಥ ಆಗಲಿಲ್ಲ. ಚಿಕ್ಕಪ್ಪನ ಮನೆಯಾ, ಬೆಂಗಳೂರಾ ಅಂತ ಮತ್ತೆ ಕೇಳಿದೆ. "ಇದೇ ಮನೇಲಿ ಅಕ್ಕ. ಎಲ್ಲರೂ ಬೀಗ ಹಾಕೋ ಮಾತೇ ಆಡ್ತಿದೀರ" ಅಂದ. ಇಷ್ಟು ದಿನ ಹತ್ತು ಜನ ಸೇರಿ ಚರ್ಚೆ ಮಾಡಿದ್ದೇವೆ. ಇದು ಒಬ್ಬರ ಬಾಯಲ್ಲೂ ಬಂದಿರಲಿಲ್ಲ.

@ಅಣ್ಣನ ಬೈಕು, ಅತ್ತೆವು. ಇಬ್ಬರೂ.

ಅಮ್ಮನ ಅಮ್ಮ ಚಿತ್ರದುರ್ಗದಲ್ಲಿ ಮಾವನ ಮನೆಯಲ್ಲಿದ್ದಾರೆ. 70 ದಾಟಿದೆ, ಆದರೆ ಓಡಾಡುತ್ತಾರೆ. ಮಾರ್ಚ್‌ವರೆಗೆ ಅವರು ಬಂದು ಇವನ ಜೊತೆ ಇದ್ದರೆ? ಆಫೀಸಿನಲ್ಲಿ ವಾರಕ್ಕೆ ಎರಡು ದಿನ ಮನೆಯಿಂದ ಕೆಲಸಕ್ಕೆ ಒಪ್ಪಬಹುದು. ಶನಿ, ಭಾನು ಸೇರಿದರೆ ನಾಲ್ಕು ದಿನ ಊರಲ್ಲಿರಬಹುದು. ಪಿಯುಸಿಗೆ ಬೆಂಗಳೂರು. ಇದು ಆಗುವ ಮಾತಾ?

ದಾಳಿಂಬೆ ಹೊಸದುರ್ಗ:

70ರ ಮುದುಕಿ, 15ರ ಹುಡುಗ. ಯಾರನ್ನ ಯಾರು ನೋಡಿಕೊಳ್ಳುತ್ತಾರೆ? ರಾತ್ರಿ ಅಜ್ಜಿಗೆ ಹುಷಾರು ತಪ್ಪಿದರೆ? ಚಿಕ್ಕಪ್ಪನನ್ನ ದೂರ ಮಾಡಿಕೊಂಡು ಇದನ್ನ ಮಾಡೋಕೆ ಆಗಲ್ಲ. ಪಕ್ಕದ ಮನೆಯವರು ಅವರೇ ತಾನೆ? ಹೋಗಿ ಸಹಾಯ ಕೇಳಮ್ಮ. ಬೇಡ ಅಂತ ಹೇಳೋಕೆ ಹೋಗಬೇಡ, ಬೇಕು ಅಂತ ಕೇಳೋಕೆ ಹೋಗು.

ಸಂಪಿಗೆ ರಸ್ತೆ:

ಇದನ್ನ ಮಾತ್ರ ಒಪ್ಪಿದೆ ಸ್ವಾಮಿ. ನೋಟ್‌ಬುಕ್ ಮರೀಬೇಡಿ ಅಷ್ಟೇ.

ಎರಡನೇ ಬೆಂಚು:

ಮಾರ್ಚ್‌ವರೆಗೆ ಅಂದಿರಲ್ಲ, ಅದು ನನಗೆ ಇಷ್ಟವಾಯಿತು. ನಮ್ಮಕ್ಕನಿಗೆ ಯಾರೂ ತಿಂಗಳ ಲೆಕ್ಕ ಕೊಟ್ಟಿರಲಿಲ್ಲ.

ತೆಂಗಿನಗರಿ:

ತುಂಬ ಜನ ಮೆಸೇಜ್ ಮಾಡಿ ಕೇಳಿದ್ದಕ್ಕೆ ಬರೆಯುತ್ತಿದ್ದೇನೆ. ಆರು ವಾರ ಆಯಿತು.

ಅಜ್ಜಿ ಬಂದಿದ್ದಾರೆ. ಮಾವನಿಗೆ ಸಿಟ್ಟು, ಅತ್ತೆಗೆ ಒಳಗೊಳಗೇ ಖುಷಿ. ಆಫೀಸಿನಲ್ಲಿ ಎರಡು ದಿನ ಕೇಳಿದ್ದೆ, ಒಂದೇ ದಿನ ಕೊಟ್ಟರು. ವಂಶವೃಕ್ಷ ಸಿಕ್ಕಿದೆ, ಖಾತೆ ಇನ್ನೂ ಆಗಿಲ್ಲ. ಅರ್ಜಿ ತಿಪಟೂರಿನಲ್ಲೇ ಹಾಕಬೇಕಾ, ತುಮಕೂರಿನಲ್ಲಾ ಅಂತ ವಕೀಲರು ಈ ವಾರ ಹೇಳುತ್ತಾರೆ. ಕಡೂರಿಗೆ ಫೋನ್ ಮಾಡಿ, "ಹೌದು, ಬರ್ತಾನೆ" ಅಂದೆ. ಯೋಚನೆ ಮಾಡಿ ಹೇಳ್ತೀವಿ ಅಂದರು. ಇನ್ನೂ ಯೋಚನೆ ಮಾಡುತ್ತಿದ್ದಾರೆ.

ಮೊದಲ ಯುನಿಟ್ ಟೆಸ್ಟಿನಲ್ಲಿ ಗಣಿತ ಕೈಕೊಟ್ಟಿದೆ. ಒಂದು ದಿನ ಶಾಲೆಗೆ ಹೋಗದೆ ಕೆರೆ ಏರಿ ಮೇಲೆ ಕೂತಿದ್ದನಂತೆ. ಅಜ್ಜಿ ನನಗೆ ಹೇಳಲಿಲ್ಲ. ಚಿಕ್ಕಪ್ಪ ಹೋಗಿ ಪಕ್ಕದಲ್ಲಿ ಕೂತು, ಸಂಜೆ ಮನೆಗೆ ಕರೆದುಕೊಂಡು ಬಂದರಂತೆ. ಬೈದಿಲ್ಲ. ಇದನ್ನು ನನಗೆ ತಮ್ಮನೇ ಹೇಳಿದ.

ಚಿಕ್ಕಪ್ಪನ ಹತ್ತಿರ ಸಹಾಯ ಕೇಳೋಕೆ ಹೋದ ದಿನ ಅವರು ಅರ್ಧ ಗಂಟೆ ಮಾತಾಡಲಿಲ್ಲ. ಕೊನೆಗೆ, "ಕಾಯಿ ಕೀಳಿಸೋಕೆ ಆಳು ನಾನೇ ಹೇಳ್ತೀನಿ, ದುಡ್ಡು ನೀವೇ ಕೊಡಿ" ಅಂದರು. ನೋಟ್‌ಬುಕ್ ವಿಷಯ ಹೇಳುವಾಗ ನನ್ನ ಗಂಟಲು ಒಣಗಿತ್ತು. ಅವರ ಮುಖ ಸಣ್ಣದಾಯಿತು. ಆದರೂ ಹೂಂ ಅಂದರು.

ಮೊನ್ನೆ ಭಾನುವಾರ ಕಾಯಿ ಕಿತ್ತಾಯಿತು. ಲೆಕ್ಕ ಬರೆದವನು ತಮ್ಮ. 1,142 ಅಂದ. ಚಿಕ್ಕಪ್ಪ ತಾವೂ ಎಣಿಸಿಕೊಂಡಿದ್ದರು, 1,150 ಅಂದರು. ಎಂಟು ಕಾಯಿ ಜಾಸ್ತಿ ಹೇಳಿದ್ದು ಅವರೇ. ಇಬ್ಬರೂ ಮತ್ತೆ ರಾಶಿ ಮುಂದೆ ಕುಕ್ಕರಗಾಲಲ್ಲಿ ಕೂತು, ಮೊದಲಿಂದ ಎಣಿಸೋಕೆ ಶುರು ಮಾಡಿದರು. ನನಗೆ ರೈಲಿಗೆ ಹೊತ್ತಾಗಿತ್ತು, ಹೊರಟುಬಂದೆ. ರಾತ್ರಿ ಒಂಬತ್ತಕ್ಕೆ ಅವನ ಮೆಸೇಜ್ ಬಂತು: "1,150. ಬದು ಹತ್ರ ಎಂಟು ಬಿದ್ದಿದ್ವು."